ಒಂದೇ ಸಲಾಕೆಯ ಎರಡು ಬಾಗಿಲು

ಅತ್ತಾವರ, ಮಂಗಳೂರು
೮ ಮಾರ್ಚ್ ೧೯೩೪, ಗುರುವಾರ

ಪ್ರೀತಿಯ ತಮ್ಮ ಮೋಹನನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕೆಮ್ಮು ಈಗ ಹೇಗಿದೆ? ಪೋದನೂರಿನ ಗಾಳಿ ಒಣಗಾಳಿ ಎಂದು ಕೇಳಿದ್ದೇನೆ. ಸಮುದ್ರದ ಗಾಳಿಯಲ್ಲಿ ಬೆಳೆದ ಎದೆಗೆ ಅದು ಒಗ್ಗಲು ಸಮಯ ಬೇಕು. ಮಲಗುವಾಗ ಕಿಟಕಿ ಮುಚ್ಚು, ಬೆಳಿಗ್ಗೆ ಎದ್ದ ಕೂಡಲೇ ತಣ್ಣೀರು ಕುಡಿಯಬೇಡ. ನಿನ್ನ ಸ್ನೇಹಿತರ ಮನೆಯಲ್ಲಿ ಬೆಳ್ತಿಗೆ ಅನ್ನವೇ ಇರಬೇಕು. ನಿನಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ, ಆದರೂ ಆ ಮನೆಯವರ ಎದುರು ಮುಖ ಸಿಂಡರಿಸಬೇಡ. ಆ ಕಡೆ ಹೋಗುವವರು ಯಾರಾದರೂ ಸಿಕ್ಕಿದರೆ ಸ್ವಲ್ಪ ಕುಚ್ಚಲಕ್ಕಿ ಕಳಿಸುತ್ತೇನೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ. ಗುಲಾಬಿ ಹೊತ್ತಿಗೆ ಸರಿಯಾಗಿ ಅಡಿಗೆ ಮಾಡುತ್ತಾಳೆ. ಈ ಒಂದು ತಿಂಗಳಲ್ಲಿ ಮಗಳು ನನಗಿಂತ ದೊಡ್ಡವಳಾಗಿದ್ದಾಳೆ. ನಾನು ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ. ನಿದ್ದೆ ಬರುತ್ತದಲ್ಲ ಎಂದು ಬೆಳಿಗ್ಗೆ ಎದ್ದು ಸ್ವಲ್ಪ ಹೊತ್ತು ಆಶ್ಚರ್ಯಪಡುತ್ತೇನೆ.

ನಿನ್ನ ಭಾವನ ಉತ್ತರಕ್ರಿಯೆ, ಬೊಜ್ಜ, ಮುಗಿಯಿತು. ಬಂದವರೆಲ್ಲ ನಿನ್ನನ್ನು ಕೇಳಿದರು. ಜ್ವರ ಎಂದು ಹೇಳಿದೆ. ಹೋದವರನ್ನು ಮನೆಯೊಳಗೆ ಕರೆಯುವ ದಿನ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲ ಬಳಿ ನಿಂತು ಕರೆಯುವಾಗ ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಎಲೆಯ ಮೇಲಿನ ಮೀನುಸಾರಿಗೆ ಉಪ್ಪು ಹೆಚ್ಚಾಯಿತೋ ಏನೋ ಎಂದು ಯೋಚಿಸುತ್ತಿದ್ದೆ. ಈ ಸೋಮವಾರದಿಂದ ಶಾಲೆಗೂ ಹೋಗುತ್ತಿದ್ದೇನೆ. ಕೊಡಿಯಾಲ್‌ಬೈಲಿನ ತನಕ ನಡೆದೇ ಹೋಗುತ್ತೇನೆ, ದಾರಿಯಲ್ಲಿ ಯಾರು ಎದುರಾದರೆಂದು ಶಾಲೆ ಸೇರಿದ ಮೇಲೆ ನೆನಪಿರುವುದಿಲ್ಲ. ಹುಡುಗಿಯರು ಎದ್ದು ನಿಂತು ನನ್ನ ಹಣೆ ನೋಡಿದರು, ಆಮೇಲೆ ಪುಸ್ತಕ ನೋಡಿದರು. ಅಂದು ಪದ್ಯದ ಪಾಠ. ಅಡಿಗೆ ಮಾಡುವಾಗಲೂ ನನ್ನ ಬಾಯಲ್ಲಿ ಇರುತ್ತಿದ್ದ ಪದ್ಯವೇ. ಅರ್ಥ ಹೇಳಿದೆ, ಛಂದಸ್ಸು ಹೇಳಿದೆ, ಗಂಟೆ ಹೊಡೆಯಿತು. ಪದ್ಯ ನಾಲಗೆಯ ಮೇಲೆ ನಡೆದು ಆಚೆ ಹೋಯಿತು, ಒಳಗೆ ಇಳಿಯಲಿಲ್ಲ.

ನಿನ್ನ ಕಾರ್ಡು ಬಂತು. ತಪ್ಪು ನನ್ನದೇ, ವ್ಯಾಗನ್ನಿನ ಇಳಿಜಾರಿನ ಲೆಕ್ಕದಲ್ಲಿ ಎಡವಿದೆ, ನಕ್ಷೆಗಳನ್ನು ಸುಟ್ಟಿದ್ದೇನೆ, ಕಂಪೆನಿಯವರು ಕಳಿಸಿದ ಹೇಳಿಕೆಗೆ ಸಹಿ ಮಾಡಿ ಸೋಮವಾರದ ವಿಚಾರಣೆಗೆ ಮುಟ್ಟಿಸುತ್ತೇನೆ, ಇನ್ನು ಪೆನ್ಸಿಲು ಮುಟ್ಟುವುದಿಲ್ಲ ಎಂದು ಬರೆದಿದ್ದೀ. ಅದನ್ನು ಗುಲಾಬಿ ಓದಿ ಹೇಳಿದಳು. ನಾನು ಆಮೇಲೆ ಓದಿದೆ. ನಿನ್ನ ಮೇಲೆ ನನಗೆ ಸಿಟ್ಟಿದೆಯೇ ಎಂದು ಕೇಳಲು ನಿನಗೆ ಧೈರ್ಯ ಬಂದಿಲ್ಲ. ಹುಡುಕಿ ನೋಡಿದೆ, ಸಿಗಲಿಲ್ಲ. ಸಿಟ್ಟು ಇರಬೇಕಾದ ಜಾಗದಲ್ಲಿ ಈಗ ಏನೂ ಇಲ್ಲ. ಅದು ಬಂದ ದಿನ ಬರೆದು ತಿಳಿಸುತ್ತೇನೆ. ಈಗ ಬರೆಯುವುದು ಬೇರೆ ಕಾರಣಕ್ಕೆ. ನೀನು ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದಬೇಕು.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬೇಸರಪಡಬೇಡ. ಸಾಲಾಗಿ ಬರೆದರೆ ನನಗೆ ಕಣ್ಣಿಗೆ ಕಾಣುತ್ತದೆ. ಬಂದರಿನ ದಕ್ಕೆಯ ಆಚೆ ನದಿಗೆ ದಂಡೆ ಕಟ್ಟುವ ಕೆಲಸಕ್ಕೆ ಸಣ್ಣ ಹಳಿಯ ಮೇಲೆ ಜಲ್ಲಿ ಬರುತ್ತಿತ್ತು. ಹೆಂಗಸರು ವ್ಯಾಗನ್ನಿನೊಳಗೆ ಹತ್ತಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಇಳಿದು ಸುರಿಯುತ್ತಿದ್ದರು. ಅಲ್ಲಿ ಬುಟ್ಟಿ ಹೊರುವ, ನಮ್ಮ ಮನೆಗೆ ಸೊಪ್ಪೂ ತರುವ ದೇಯಿಯ ನೆತ್ತಿಯ ಕೂದಲು ಉದುರಿದ್ದನ್ನು ನೋಡಿ ನೀನು ಒಂದು ಸಂಜೆ ಊಟ ಬಿಟ್ಟು ಕಾಗದ ಹಿಡಿದು ಕುಳಿತೆ. ವ್ಯಾಗನ್ನಿನ ನೆಲವನ್ನು ಚಪ್ಪಟೆ ಮಾಡದೆ ಮನೆಯ ಮಾಡಿನ ಹಾಗೆ ಮಾಡುವುದು. ನಡುವೆ ಎತ್ತರ, ಎರಡೂ ಕಡೆಗೆ ಇಳಿಜಾರು. ಎರಡು ಪಕ್ಕಗಳಲ್ಲೂ ಉದ್ದಕ್ಕೆ ಬಾಗಿಲು, ಮೇಲುಗಡೆ ತಿರುಗಣೆ, ಕೆಳಗಡೆ ಕೊಂಡಿ. ತುದಿಯಲ್ಲಿರುವ ಒಂದೇ ಸಲಾಕೆ ಎಳೆದರೆ ಎರಡು ಕಡೆಯ ಕೊಂಡಿಗಳೂ ಕಳಚಿ, ಜಲ್ಲಿಯೇ ತನ್ನ ಭಾರದಿಂದ ಬಾಗಿಲು ನೂಕಿಕೊಂಡು ದಂಡೆಯ ಎರಡು ಬದಿಗೂ ಜಾರಿಬಿಡಬೇಕು. ನೀನು ಊಟದ ಮಣೆಯ ಮೇಲೆ ಬೆರಳಲ್ಲಿ ನೀರಿನಿಂದ ಗೆರೆ ಎಳೆದು ತೋರಿಸಿದಾಗ ನಿನ್ನ ಭಾವ ಹೇಳಿದ್ದು ನೆನಪಿದೆಯೇ? "ಮೋಹನಾ, ಎರಡು ಬಾಗಿಲು ಅಂದ್ರೆ ಅಣ್ಣತಮ್ಮಂದಿರ ಹಾಗೆ. ಒಬ್ಬ ಒಪ್ಪಿದ ಅಂತ ಇನ್ನೊಬ್ಬ ಒಪ್ಪಬೇಕು ಅಂತ ಎಂತ ಉಂಟು ಮಾರಾಯ?" ನೀನು ನಕ್ಕು, ಒಂದೇ ಸಲಾಕೆಗೆ ಎರಡನ್ನೂ ಕಟ್ಟಿದ್ದೇನೆ ಭಾವ, ಒಪ್ಪದೆ ಎಲ್ಲಿಗೆ ಹೋಗ್ತಾವೆ ಎಂದೆ. ಅವರೂ ನಕ್ಕರು. ಮತ್ತೆ ಅನ್ನ ಹಾಕಿಸಿಕೊಂಡರು. ದೇಯಿಗೆ ಈ ಸುದ್ದಿ ಗೊತ್ತಾದಾಗ ಅವಳು ಮಾತ್ರ ನಗಲಿಲ್ಲ. ನಿಮ್ಮ ತಮ್ಮ ನಮ್ಮ ತಲೆಯ ಭಾರ ಇಳಿಸ್ತಾರೆ, ಹೊಟ್ಟೆಯದ್ದನ್ನೂ ಇಳಿಸದಿದ್ರೆ ಸಾಕು ಅಕ್ಕಾ ಎಂದು ಸೊಪ್ಪಿನ ಕಟ್ಟು ಇಟ್ಟು ಹೋದಳು.

ಕಟ್ಟಿದ ವ್ಯಾಗನ್ನಿನ ಪರೀಕ್ಷೆ ಬೆಳಿಗ್ಗೆ ಆಗಬೇಕಿತ್ತು. ಮದ್ರಾಸಿನ ಎಂಜಿನಿಯರ್ ದೊರೆ ಬರುವ ರೈಲು ತಡವಾಗಿ, ಅವರು ಸ್ನಾನ ಊಟ ಮುಗಿಸಿ ದಕ್ಕೆಗೆ ಬರುವಾಗ ಮಧ್ಯಾಹ್ನ ದಾಟಿ ಹೊತ್ತಾಗಿತ್ತು. ನೀನು ಸಲಾಕೆಯ ಬಳಿ ಇದ್ದೆ. ಮೇಸ್ತ್ರಿಯಾಗಿ ಕೆಲಸಕ್ಕೆ ಹೊಣೆಯಾದ ನಿನ್ನ ಭಾವ ಹೆಂಗಸರನ್ನು ದೂರ ನಿಲ್ಲಿಸಿದರು. ನೀನು ಎಳೆದೆ. ಪಡುಬದಿಯ ಬಾಗಿಲು ತೆರೆದು ಅಷ್ಟೂ ಜಲ್ಲಿ ಒಂದೇ ಉಸಿರಿಗೆ ಕೆಳಗೆ ಬಿತ್ತು, ದೊರೆಗಳು ಚಪ್ಪಾಳೆ ತಟ್ಟಿದರು. ಮೂಡುಬದಿಯದ್ದು ತೆರೆಯಲಿಲ್ಲ. ಯಾವುದೋ ಕಲ್ಲು ಸಿಕ್ಕಿಕೊಂಡಿದೆ ಎಂದು ನಿನ್ನ ಭಾವ ಹಾರೆ ಹಿಡಿದು ಆ ಬದಿಗೆ ಹೋಗಿ ಬಾಗಿಲಿಗೆ ಎರಡು ಏಟು ಹಾಕಿದರು. ಈಚೆಯ ಭಾರ ಪೂರಾ ಹೋಗಿತ್ತು, ಆಚೆಯ ಭಾರ ಪೂರಾ ಇತ್ತು, ಎದುರು ಹಿಡಿಯಲು ಏನೂ ಇರಲಿಲ್ಲ. ಸಣ್ಣ ಹಳಿಯ ಮೇಲಿನ ಬಂಡಿ, ಆ ಕಡೆಗೆ, ಅವರ ಮೇಲೆಯೇ ಮಗುಚಿತು. ಇದನ್ನು ನನಗೆ ಹೇಳಿದವಳು ದೇಯಿ. ನೀನು ಹೇಳಲಿಲ್ಲ, ಅಂದು ಸಂಜೆ ನೀನು ಅಂಗಳದಲ್ಲಿ ನಿಂತೇ ಇದ್ದೆ, ಮರುದಿನ ದಹನ ಮುಗಿದ ಮೇಲೆ ರೈಲು ಹತ್ತಿದೆ. ಕಳೆದ ವಾರ ಕಂಪೆನಿಯ ಗುಮಾಸ್ತರು ಬಂದು ನನ್ನಿಂದ ಒಂದು ಕಾಗದಕ್ಕೆ ವಿವರ ಕೇಳಿದರು. ಗಂಡನ ಹೆಸರು ಎಂದರು. ಇಷ್ಟು ವರ್ಷ ನಾನು ಬಾಯಿಂದ ಹೇಳದ ಹೆಸರು. ಗುಲಾಬಿ ಹೇಳಲು ಹೊರಟಳು. ನಾನು ಅವಳನ್ನು ತಡೆದು, "ಮಾಯಿಲಪ್ಪ" ಎಂದೆ. ಅವರು ಬರೆದುಕೊಂಡರು. ಆ ಹೆಸರಿನವರು ಯಾರೋ ಬೇರೆಯವರು ಎಂಬಂತೆ ಕೇಳಿಸಿತು.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ನಿನ್ನೆ ಸಂಜೆಯ ಅಸರ್ ನಮಾಜು ಕಳೆದ ಮೇಲೆ ಬಂದರಿನ ಅಬ್ದುಲ್ ರಹ್ಮಾನ್ ಬ್ಯಾರಿಗಳು ಮನೆಗೆ ಬಂದರು. ವ್ಯಾಗನ್ನಿನ ಮರದ ಕೆಲಸಕ್ಕೆ ನೀನೇ ಅವರನ್ನು ಹುಡುಕಿಕೊಂಡು ಹೋಗಿದ್ದೆ. ಮಂಜಿ ಹಡಗು ಕಟ್ಟುವ ಕೈಯಷ್ಟು ಒಳ್ಳೆಯ ಕೈ ಮಂಗಳೂರಿನಲ್ಲಿ ಬೇರೆ ಇಲ್ಲ ಎಂದು ನೀನೇ ಹೇಳುತ್ತಿದ್ದೆ. ಒಳಗೆ ಕರೆದರೆ ಬರಲಿಲ್ಲ. ಜಗಲಿಯ ತುದಿಯಲ್ಲಿ, ಬೀಳುವ ಹಾಗೆ, ಕುಳಿತರು. ಗುಲಾಬಿ ಬೆಲ್ಲ ನೀರು ತಂದಿಟ್ಟಳು, ಮುಟ್ಟಲಿಲ್ಲ. "ಟೀಚರೇ, ಆ ಬಾಗಿಲಿನ ಸಂದು ತುಂಬಿದ್ದು ನಾನು" ಎಂದರು.

ನನಗೆ ಅರ್ಥವಾಗಲಿಲ್ಲ. ಎಂತ ತುಂಬಿದ್ದು ಎಂದು ಕೇಳಿದೆ.

"ಹತ್ತಿ. ಹತ್ತಿಯ ಮೇಲೆ ರಾಳ ಕಾಯಿಸಿ ಹೊಯ್ದೆ, ಮಂಜಿಗೆ ಹಾಕುವ ಹಾಗೆಯೇ. ಪರೀಕ್ಷೆಯ ಮುಂಚಿನ ದಿನ ಸಂಜೆ ಎಲ್ಲ ಹೋದ ಮೇಲೆ ನೋಡಿದೆ, ಬಾಗಿಲಿನ ಸುತ್ತ ಬೆಳಕು ಕಾಣ್ತಿತ್ತು. ನಾನು ಕಟ್ಟಿದ ಮರದಲ್ಲಿ ಬೆಳಕು. ದೊರೆಗಳು ಬರ್ತಾರೆ, ಎಂತ ಹೇಳ್ಯಾರು?"

"ಮೋಹನ ಹೇಳಿದ್ದನೋ?"

"ಇಲ್ಲ. ಬೇಡ ಅಂತಲೂ ಹೇಳಲಿಲ್ಲ. ಅವರು ಕಾಗದ ತೋರಿಸಿದ್ರು, ಕಾಗದದಲ್ಲಿ ಗೆರೆ ಉಂಟು. ಗೆರೆ ಅಂದ್ರೆ ಸಂದು, ಸಂದು ಅಂದ್ರೆ ಹಾಗೆಯೇ ಬಿಡಬೇಕು ಅಂತ ನನಗೆ ಹೊಳೀಲಿಲ್ಲ. ಸಂದು ಕಂಡ್ರೆ ಈ ಕೈ ಸುಮ್ಮನೆ ಕೂರುವುದಿಲ್ಲ ಟೀಚರೇ, ಅಷ್ಟೇ."

ಎರಡು ಬಾಗಿಲಿಗೂ ತುಂಬಿದ್ದರಂತೆ. ಹಾಗಾದರೆ ಒಂದೇಕೆ ತೆರೆಯಿತು ಎಂದು ನಾನು ಕೇಳಿದ್ದಕ್ಕೆ ಅವರು ತಲೆ ಎತ್ತದೆ ಹೇಳಿದರು. ಮಧ್ಯಾಹ್ನದ ಮೇಲಿನ ಬಿಸಿಲು ಪಡುಬದಿಯ ಬಾಗಿಲಿಗೆ ನೇರ ಹೊಡೆಯುತ್ತಿತ್ತು, ಆ ಬದಿಯ ರಾಳ ಮೆತ್ತಗಾಗಿ ಬಿಟ್ಟುಕೊಟ್ಟಿತು. ಮೂಡುಬದಿ ನೆರಳಿನಲ್ಲಿತ್ತು, ಅಲ್ಲಿ ಅದು ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಮೋಹನಾ, ದೊರೆಯ ರೈಲು ಹೊತ್ತಿಗೆ ಬಂದು ಪರೀಕ್ಷೆ ಬೆಳಿಗ್ಗೆ ಬಿಸಿಲೇರುವ ಮೊದಲೇ ಆಗಿದ್ದರೆ ಎರಡು ಬಾಗಿಲೂ ತೆರೆಯುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು, ನೀನು ಮುಖ ಕೆಂಪು ಮಾಡಿಕೊಳ್ಳುತ್ತಿದ್ದೆ, ನಿನ್ನ ಭಾವ ಊಟಕ್ಕೆ ಬಂದು ಅದನ್ನೇ ವಾರವಿಡೀ ಹೇಳಿ ನಿನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಇದನ್ನು ನಾನು ಬಹಳ ಸಲ ಯೋಚಿಸಿದೆ. ಯೋಚಿಸಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ, ಬಾವಿಕಟ್ಟೆಯಲ್ಲಿ ಕೊಡ ತುಂಬಿ ಹೊರಗೆ ಚೆಲ್ಲುವ ತನಕ ಯೋಚಿಸುತ್ತಾ ನಿಂತೆ.

ಬ್ಯಾರಿಗಳು ಹೊರಡುವ ಮೊದಲು ಹೇಳಿದ ಮಾತನ್ನೂ ಕೇಳು. ಸೋಮವಾರ ವಿಚಾರಣೆಗೆ ಅವರೇ ಹೋಗಿ, ಮೋಹನಣ್ಣ ಸಂದು ಬಿಡಬೇಕು ಎಂದು ಸರಿಯಾಗಿಯೇ ಹೇಳಿದ್ದರು, ನಾನು ಮಾತು ಕೇಳಲಿಲ್ಲ ಎಂದು ಹೇಳುತ್ತಾರಂತೆ. ಅದು ನಿಜವಲ್ಲವಲ್ಲ ಎಂದೆ. "ಅವರಿಗೆ ಇನ್ನೂ ಪ್ರಾಯ ಉಂಟು. ನಾನು ಕಟ್ಟಬೇಕಾದ ದೋಣಿ ಎಲ್ಲ ಕಟ್ಟಿ ಆಯ್ತು" ಎಂದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಬೈಯಬೇಕೆಂದು ಕಾಯುತ್ತಿದ್ದರು ಎಂದು ಕಾಣುತ್ತದೆ. ನಾನು ಬೆಲ್ಲ ನೀರು ಕುಡಿಯಿರಿ ಎಂದೆ. ಕುಡಿದು ಎದ್ದು ಹೋದರು.

ಹೀಗೆ ನೀವಿಬ್ಬರೂ, ಒಬ್ಬರಿಗೊಬ್ಬರು ತಿಳಿಯದೆ, ಪೂರ್ತಿ ತಪ್ಪನ್ನು ತಂತಮ್ಮ ತಲೆಯ ಮೇಲೆ ಹೊತ್ತುಕೊಂಡು ದೊರೆಯ ಎದುರು ಹೋಗಲು ಹೊರಟಿದ್ದೀರಿ. ನೀನು ಇಳಿಜಾರು ಎನ್ನುತ್ತೀ, ಅದಲ್ಲ. ಅವರು ಮಾತು ಕೇಳಲಿಲ್ಲ ಎನ್ನುತ್ತಾರೆ, ಮಾತು ಹೇಳಿದವರೇ ಇಲ್ಲ. ನೆಂಟರು ಇದನ್ನು ಕೇಳಿದರೆ ದೊಡ್ಡತನ ಎಂದಾರು. ನನಗೆ ಹಾಗೆ ಕಾಣಲಿಲ್ಲ. ಸತ್ತವರು ನನ್ನವರು. ಅವರು ಹೇಗೆ ಸತ್ತರು ಎಂಬುದನ್ನಾದರೂ ನನಗೆ ಸರಿಯಾಗಿ ಕೊಡಿ ಎಂದಷ್ಟೇ ಅನ್ನಿಸಿತು. ಈ ತಿಂಗಳಲ್ಲಿ ನನಗೆ ಏನಾದರೂ ಬೇಕು ಎಂದು ಅನ್ನಿಸಿದ್ದು ಅದೊಂದೇ.

ಬ್ಯಾರಿಗಳು ಹೋದ ಮೇಲೆ ಕಪಾಟಿನ ಮೇಲಿಂದ ನಿನ್ನ ಮರದ ಮಾದರಿಯನ್ನು ಇಳಿಸಿದೆ. ಅದನ್ನು ಸುಡಲು ನಿನಗೆ ಮರೆತಿತ್ತೋ, ಮನಸ್ಸಾಗಲಿಲ್ಲವೋ. ಗುಲಾಬಿ ಹುರುಳಿ ತಂದಳು. ತುಂಬಿ ಸಲಾಕೆ ಎಳೆದರೆ ಎರಡು ಬದಿಗೂ ಚೆಂದವಾಗಿ ಸುರಿಯಿತು. ಮತ್ತೆ ತುಂಬಿ, ಒಂದು ಬಾಗಿಲಿನ ಅಂಚಿಗೆ ಅವಳು ಗಂಜಿಯ ಅಂಟು ಸವರಿ ಒಣಗಲು ಬಿಟ್ಟಳು. ಆಮೇಲೆ ಎಳೆದೆವು. ಮಗುಚಿತು. ಹುರುಳಿ ಚಾಪೆಯ ಮೇಲೆಲ್ಲ ಹರಡಿತು. ಗುಲಾಬಿ ಇಳಿಜಾರಿನ ಕೆಳಗೆ ತಗಡಿನ ತುಂಡು ಇಟ್ಟು ಅದನ್ನು ತಗ್ಗಿಸಿ ನೋಡಿದಳು. ಸ್ವಲ್ಪ ನಿಧಾನವಾಗಿ ಮಗುಚಿತು, ಅಷ್ಟೇ. ಅಂಟಿನ ಬದಲು ಒಂದು ಕಲ್ಲು ಸಿಕ್ಕಿಸಿದಳು, ಮತ್ತೆ ಮಗುಚಿತು. ಹುರುಳಿ ಹೆಕ್ಕುತ್ತಾ ಅವಳು ಹೇಳಿದಳು, "ಅಮ್ಮಾ, ಸಲಾಕೆ ಕೊಂಡಿಯನ್ನು ಮಾತ್ರ ಬಿಡಿಸ್ತದೆ. ಕೊಂಡಿ ಬಿಟ್ಟ ಕೂಡ್ಲೇ ಬಾಗಿಲು ತೆರೀತು ಅಂತ ಮಾವ ನಂಬಿದ್ದಾರೆ. ಬಾಗಿಲಿಗೆ ಬಾಗಿಲನ್ನೇ ಕಟ್ಟಬೇಕಿತ್ತು. ಒಂದು ಬಾರದಿದ್ರೆ ಇನ್ನೊಂದೂ ಬರಬಾರ್ದು."

ಅವಳ ಮಾತು ಸರಿಯೋ ತಪ್ಪೋ ಹೇಳಲು ನನಗೆ ಬಾರದು, ನಿನಗೆ ಬರುತ್ತದೆ. ನನಗೆ ಕಂಡದ್ದು ಇಷ್ಟು: ರಾಳ ಬಾಗಿಲನ್ನು ಹಿಡಿಯಿತು, ಆದರೆ ಒಂದು ಬಾಗಿಲು ಹಿಡಿದರೆ ಬಂಡಿಯೇ ಬೀಳುವ ಹಾಗೆ ಮಾಡಿದ್ದು ನೀನು. ಎರಡೂ ಸೇರಿದ್ದರಿಂದ ಅವರು ಹೋದರು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅದು ಅರ್ಧ ಖಾಲಿಯಾದ ಬಂಡಿಯ ಹಾಗೆಯೇ ಆಗುತ್ತದೆ. ಕಟುವಾಗಿ ಬರೆದೆನೇನೋ. ಮೆತ್ತಗೆ ಬರೆಯುವ ಶಕ್ತಿ ಈಗ ಇಲ್ಲ, ನೀನು ಚಿಕ್ಕವನಿದ್ದಾಗ ಸ್ಲೇಟು ತಿದ್ದಿಸುತ್ತಿದ್ದ ಅಕ್ಕ ಎಂದು ತಿಳಿದು ಓದು. ಆ ಹೇಳಿಕೆಗೆ ಸಹಿ ಹಾಕಬೇಡ. ನಿಜವಾದದ್ದನ್ನು ನಿನ್ನ ಕೈಯಿಂದಲೇ ಬರೆದು ಅಂಚೆಗೆ ಹಾಕಿದರೂ ಸಾಕು. ಬ್ಯಾರಿಗಳಿಗೂ ಇದನ್ನೇ ಹೇಳಿ ಕಳಿಸುತ್ತೇನೆ. ನೀನು ಬರಲೇಬೇಕೆಂದು ಒತ್ತಾಯವಿಲ್ಲ. ಈ ಮನೆಯ ಅಂಗಳಕ್ಕೆ ಕಾಲಿಡಲು ನಿನಗೆ ಎಷ್ಟು ಕಷ್ಟವೆಂದು ನನಗೆ ತಿಳಿಯುತ್ತದೆ.

ನಿನ್ನ ಸ್ನೇಹಿತರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು, ನಿನ್ನನ್ನು ಇಟ್ಟುಕೊಂಡದ್ದಕ್ಕೆ. ಗುಲಾಬಿ ನಿನ್ನ ಕಾಲಿಗೆ ಬೀಳುತ್ತಾಳೆ. ಹೊಟ್ಟೆ ತುಂಬ ಉಣ್ಣು. ದೈವಗಳು ನಿನ್ನನ್ನು ಕಾಯಲಿ.

ಇತಿ ನಿನ್ನ ಅಕ್ಕ,
ನಳಿನಾಕ್ಷಿ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ದೇಯಿ ಬಂದಳು, ಆದ್ದರಿಂದ ಇಷ್ಟು. ಒತ್ತಾಯವಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ತಪ್ಪೆಲ್ಲ ಇಳಿಜಾರಿನದ್ದು ಎಂದು ನೀನು ಮೊದಲೇ ಕಂಪೆನಿಗೆ ತಂತಿ ಕಳಿಸಿದ್ದೀಯಂತೆ. ನೀನು ಸುಟ್ಟ ನಕ್ಷೆಯ ಪ್ರತಿ ಅವರ ಬಳಿ ಇತ್ತು. ಅದೇ ವ್ಯಾಗನ್ನನ್ನು ಎತ್ತಿ ನಿಲ್ಲಿಸಿ, ಇಳಿಜಾರನ್ನು ಮಾತ್ರ ತಗ್ಗಿಸಿ, ಅದೇ ಒಂದು ಸಲಾಕೆ ಇಟ್ಟು ಮತ್ತೆ ಹಳಿಗೆ ಏರಿಸಿದ್ದಾರೆ. ವಿಚಾರಣೆ ಬೆಳಿಗ್ಗೆ ಮುಗಿಸಿ, ಅಂದೇ ಮಧ್ಯಾಹ್ನ ಜಲ್ಲಿ ತುಂಬಿ ಕೆಲಸ ಶುರು. ಗಂಡಸರು ಯಾರೂ ಮುಟ್ಟಲು ಒಪ್ಪದ್ದರಿಂದ ಸಲಾಕೆ ಎಳೆಯಲು ದೇಯಿಯನ್ನು ಗೊತ್ತುಮಾಡಿದ್ದಾರೆ, ಉಳಿದ ಜಲ್ಲಿ ಕೆರೆಯಲು ಎರಡು ಬದಿಯಲ್ಲೂ ಹೆಂಗಸರು ನಿಲ್ಲಬೇಕಂತೆ. ಮಾದರಿಯಲ್ಲಿ ನಾವು ನೋಡಿದ್ದನ್ನು ಅವಳಿಗೆ ಹೇಳಿದೆ. ಕೆಲಸ ಬಿಟ್ಟರೆ ಮನೆಯಲ್ಲಿ ಒಲೆ ಉರಿಸುವವರು ಯಾರು ಅಕ್ಕಾ ಎಂದು ಕೇಳಿದಳು. ಕಾಗದದಲ್ಲಿ ಬರೆದು ಕಳಿಸಿದರೆ ಆಗುವುದಿಲ್ಲ ಮೋಹನಾ, ದೊರೆಗೆ ಆ ಬಾಗಿಲನ್ನು ಕೈಯಿಂದ ಮುಟ್ಟಿ ತೋರಿಸುವವರು ಬೇಕು. ಭಾನುವಾರದ ರೈಲಿಗೆ ಹೊರಡು. ಮೋಹನಣ್ಣ ಬರುವ ತನಕ ಸಲಾಕೆ ಮುಟ್ಟುವುದಿಲ್ಲ ಎಂದು ದೇಯಿ ಮಾತು ಕೊಟ್ಟಿದ್ದಾಳೆ. ಸೋಮವಾರ ಮಧ್ಯಾಹ್ನದ ತನಕವೂ ಬರದಿದ್ದರೆ ಎಂದು ಕೇಳಿದೆ. ಮುಟ್ಟುತ್ತೇನೆ ಎಂದಳು.